ಅಮ್ಮನ ಸಾಲಿಗೆ ಅನುಮಾನಪ್ಪನ ತಕರಾರು

೧

ಎಲ್ಲಿಂದ ಶುರು ಮಾಡುವುದೆಂದು ಗೊತ್ತಾಗದೆ ಬೆಳಗಿನಿಂದ ಕೂತಲ್ಲಿ ಕೂರದೆ ಒದ್ದಾಡುತ್ತಿದ್ದೇನೆ. ಲಿಫ್ಟಿನಿಂದ ಶುರು ಮಾಡಿದರೆ ನೀವು ಅಪಘಾತದ ಕಥೆ ಎಂದುಕೊಂಡು ನೆಟ್ಟಗೆ ಕೂರುತ್ತೀರಿ. ಅಪಘಾತ ಆಗುವುದಿಲ್ಲ, ಒರಗಿ ಕೂತುಕೊಳ್ಳಿ. ಅಮ್ಮನಿಂದ ಶುರು ಮಾಡಿದರೆ ಈಗಲೇ ಕರ್ಚೀಫು ತೆಗೆಯುತ್ತೀರಿ. ಅದಕ್ಕೆ ಇನ್ನೂ ಹೊತ್ತಿದೆ. ಕಂಪ್ಯೂಟರಿನಿಂದ ಶುರು ಮಾಡಿದರೆ ಪುಟ ಮಗುಚಿ ಪಕ್ಕದ ಕಥೆಗೆ ಹೋಗಿಬಿಡುತ್ತೀರಿ. ಹೋಗಿ, ಬೇಡ ಎಂದವರು ಯಾರು? ಆದರೆ ಅಲ್ಲಿಯೂ ಒಬ್ಬ ಕಥೆಗಾರ ಇದೇ ಪಾಡು ಪಡುತ್ತಿರುತ್ತಾನೆ, ಹೇಳಿಕೊಳ್ಳುವುದಿಲ್ಲ ಅಷ್ಟೆ.

ಮೊದಲ ಕರಡಿನ ಮೊದಲ ವಾಕ್ಯ ಹೀಗಿತ್ತು: "ಅಮ್ಮ ಕುಂಟುತ್ತಾ ಅಡುಗೆಮನೆಗೆ ಬಂದಳು." ಹೊಡೆದುಹಾಕಿದೆ. ಎರಡನೆಯದರಲ್ಲಿ ಕುಂಟು ತೆಗೆದು ಕೆಮ್ಮು ಕೊಟ್ಟೆ. ಅದನ್ನೂ ಹೊಡೆದುಹಾಕಿದೆ. ಮೂರನೆಯದರಲ್ಲಿ ಅಮ್ಮನೇ ಇರಲಿಲ್ಲ, ಅವಳ ಜಾಗದಲ್ಲಿ ಒಬ್ಬ ಸೋದರಮಾವ ಇದ್ದ. ಇಷ್ಟೆಲ್ಲ ಮಾಡಿದರೂ ನನ್ನನ್ನು ಯಾರೂ ಏಕೆಂದು ಕೇಳಲಿಲ್ಲ. ನೀವು ಆಗ ಇನ್ನೂ ಬಂದಿರಲಿಲ್ಲವಲ್ಲ. ಕೋಣೆಯಲ್ಲಿ ನಾನೊಬ್ಬನೇ. ಅಮ್ಮನ ಕಾಲು ಮುರಿಯಲಿ, ಜೋಡಿಸಲಿ, ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಈಗ ನೀವು ಬಂದುಬಿಟ್ಟಿದ್ದೀರಿ. ಇನ್ನು ಅಮ್ಮನ ಒಂದು ಕೂದಲು ಬೆಳ್ಳಗಾಗಿಸಬೇಕೆಂದರೂ ನಿಮ್ಮ ಮುಖ ನೋಡಬೇಕು.

(ಕಥೆಯ ತಿರುಳು ಇದೇ. ಮೊದಲ ಪುಟದಲ್ಲೇ ಗುಟ್ಟು ಬಿಟ್ಟುಕೊಟ್ಟೆನಲ್ಲ ಎಂದು ಈಗ ಬೇರೆ ಚಡಪಡಿಕೆ.)

೨

ಒಂದು ಮನೆ. ಈ ಕಡೆ ಒಂದು ಕೋಣೆ, ಆ ಕಡೆ ಒಂದು ಕೋಣೆ, ನಡುವೆ ಅಡುಗೆಮನೆ. ಈ ಕಡೆಯದರಲ್ಲಿ ಅಮ್ಮ, ಆ ಕಡೆಯದರಲ್ಲಿ ಮಗಳು. ಇಬ್ಬರೂ ಕುರ್ಚಿಯ ಮೇಲೆ ಕಾಲು ಮಡಚಿ ಕೂರುತ್ತಾರೆ. ಇಬ್ಬರೂ ಯೋಚನೆಗೆ ಬಿದ್ದಾಗ ಕೆಳತುಟಿ ಹಿಂಡಿಕೊಳ್ಳುತ್ತಾರೆ. ಇಬ್ಬರ ಕೆಲಸವೂ ಒಂದೇ, ಕರ್ನಲ್ ಬರೆಯುವುದು. ಕರ್ನಲ್ ಎಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತಿರುವ ಪ್ರೋಗ್ರಾಮು. ಅದು ಕಣ್ಣಿಗೆ ಬೀಳುವುದಿಲ್ಲ, ಅದಿಲ್ಲದೆ ಏನೂ ನಡೆಯುವುದೂ ಇಲ್ಲ. ದೇಶದೇಶಗಳ ಜನ ಸೇರಿ ಬರೆಯುವ ಅಂಥದೊಂದು ಕರ್ನಲ್ಲಿನಲ್ಲಿ ಲಿಫ್ಟ್ ಓಡಿಸುವ ಯಂತ್ರಗಳ ಫೈಲು ಅಮ್ಮನದು. ಬರೆದವಳೂ ಅವಳೇ, ಕಾಯುವವಳೂ ಅವಳೇ. ಅದರಲ್ಲಿ ಯಾರೇ ಒಂದು ಅಲ್ಪವಿರಾಮ ಬದಲಿಸಬೇಕೆಂದರೂ ಲಿಸ್ಟಿಗೆ ಈಮೇಲ್ ಹಾಕಬೇಕು. ಲಿಸ್ಟ್ ಎಂದರೆ ಎಲ್ಲರಿಗೂ ಹೋಗುವ ಈಮೇಲ್. ಎಲ್ಲರ ಎದುರಿಗೆ ಅಮ್ಮ ಒಪ್ಪಬೇಕು.

ಅಳಿಯನೂ ಇದ್ದಾನೆ. ಅವನು ಹಲ್ಲಿನ ಡಾಕ್ಟರು. "ಊರವರ ಬಾಯಿ ತೆರೆಸೋನು ನಾನು. ಈ ಮನೇಲಿ ಮಾತ್ರ ಬಾಯಿ ಮುಚ್ಕೊಂಡಿರ್ತೀನಿ," ಎಂದು ಬಂದವರಿಗೆಲ್ಲ ಹೇಳುತ್ತಾನೆ.

ಆ ಮನೆಯಲ್ಲಿ ಒಂದು ಕಟ್ಟಳೆ ಇದೆ. ಮನೆ ಮಾತು ಮನೆಯಲ್ಲಿ, ಲಿಸ್ಟ್ ಮಾತು ಲಿಸ್ಟಿನಲ್ಲಿ. ಮಗಳು ಅಮ್ಮನ ಫೈಲಿಗೆ ಏನಾದರೂ ತಿದ್ದುಪಡಿ ಕಳಿಸಿದರೆ ಅಮ್ಮ ಅದರ ಬಗ್ಗೆ ಊಟದ ಮೇಜಿನಲ್ಲಿ ಜಪ್ಪಯ್ಯ ಅಂದರೂ ಬಾಯಿ ಬಿಡುವುದಿಲ್ಲ. ಎದ್ದು ಕೋಣೆಗೆ ಹೋಗಿ ಈಮೇಲ್ ಬರೆಯುತ್ತಾಳೆ. ಬರೆಯುವುದೂ ಹೆಚ್ಚು ಸಲ ಒಂದೇ ಪದ: "ಮತ್ತೆ." ಎಂದರೆ ಇದು ಆಗಲಿಲ್ಲ, ಮತ್ತೆ ಬರೆದು ತನ್ನಿ ಎಂದರ್ಥ. ಮೊದಲ ಸಲಕ್ಕೇ ಒಪ್ಪಿದ ಚರಿತ್ರೆ ಅಮ್ಮನಿಗಿಲ್ಲ. ಅಳಿಯನನ್ನೂ ಮೂರನೆಯ ಸಲಕ್ಕೇ ಒಪ್ಪಿದ್ದು.

(ಲಿಸ್ಟಿನ ಭಾಷೆ ಇಂಗ್ಲಿಷು. ನಿಮಗಾಗಿ ಕನ್ನಡ ಮಾಡಿದ್ದೇನೆ. ಮಾಡುವಾಗ ಒಂದು ಪೇಚಿಗೆ ಸಿಕ್ಕಿಕೊಂಡೆ. ಲಿಸ್ಟಿನಲ್ಲಿ ಅಮ್ಮ ಮಗಳಿಗೆ ಬರೆಯುವ "ಯೂ" ಎಂಬುದು "ನೀನು"ವೋ "ನೀವು"ವೋ? ಅಮ್ಮ ಅಲ್ಲಿ ಅಮ್ಮನಲ್ಲ, ಫೈಲಿನ ಯಜಮಾನಿ. ಹಾಗಾಗಿ "ನೀವು" ಎಂದೇ ಹಾಕಿದೆ. ಇದು ಮುಂದೆ ನನ್ನ ಕುತ್ತಿಗೆಗೇ ಬರುತ್ತದೆಂದು ಆಗ ಗೊತ್ತಿರಲಿಲ್ಲ.)

೩

"ಏನಪ್ಪಾ, ಒಂದು ಮಾತು," ಎಂದಳು ಅಮ್ಮ.

ನನ್ನನ್ನೇ ಕೇಳಿದ್ದು. ಕನ್ನಡಕ ಹಣೆಯ ಮೇಲೇರಿಸಿಕೊಂಡು ಹಾಳೆಯಿಂದ ತಲೆ ಎತ್ತಿ ನೋಡುತ್ತಿದ್ದಳು.

"ನನ್ನ ವಯಸ್ಸೆಷ್ಟು?"

"ಅದು... ಇನ್ನೂ ತೀರ್ಮಾನ ಮಾಡಿಲ್ಲ."

"ವಯಸ್ಸು ಗೊತ್ತಿಲ್ಲ, ಆಗಲೇ ನಾಲ್ಕು ಜನರ ಮುಂದೆ ತಂದು ನಿಲ್ಸಿದ್ದೀಯ. ಮೊದಲು ಎಲ್ಲ ತುಂಬಿಸು, ಆಮೇಲೆ ತೋರ್ಸು. ಇಷ್ಟು ಗೊತ್ತಿಲ್ಲದೆ ಕಥೆ ಬರೆಯೋಕೆ ಹೊರಟ್ಯಾ?"

"ಅರವತ್ತೆಂಟು ಇರಲಾ?"

"ಯಾರನ್ನ ಕೇಳ್ತೀಯ? ಅವರನ್ನ ಕೇಳು," ಎಂದು ನಿಮ್ಮ ಕಡೆ ಗದ್ದ ತೋರಿಸಿ ಕನ್ನಡಕ ಇಳಿಸಿಕೊಂಡು ಕೆಲಸಕ್ಕೆ ತಿರುಗಿದಳು.

ಅರವತ್ತೆಂಟು ಎಂದುಕೊಳ್ಳಿ, ದಯವಿಟ್ಟು.

೪

ಇನ್ನು ತಪ್ಪಿಸಿಕೊಳ್ಳುವಂತಿಲ್ಲ, ವಿಷಯ ಹೇಳಲೇಬೇಕು. ನಾನು ಹೇಳಿದರೆ ಪಾಠವಾಗುತ್ತದೆ. ಮಗಳು ಊಟದ ಮೇಜಿನಲ್ಲಿ ಗಂಡನಿಗೆ ಹೇಳಿದ್ದನ್ನೇ ಇಳಿಸಿಬಿಡುತ್ತೇನೆ. ಅವಳಿಗೆ ಅನ್ನ ಕಲಸುತ್ತ ಪಾಠ ಹೇಳುವ ಚಾಳಿ ಇದೆ.

"ಒಂದು ದೊಡ್ಡ ಕಟ್ಟಡ ಅಂದ್ಕೋ. ಎಲ್ಲ ಮಹಡಿಯಿಂದಲೂ ಒಟ್ಟಿಗೆ ಬಟನ್ ಒತ್ತುತ್ತಾರೆ. ಲಿಫ್ಟ್ ಈಗ ಯಾವ ಮಹಡೀಲಿದೆ ಅನ್ನೋದು ಒಳಗೆ ಒಂದೇ ಕಡೆ ಬರೆದಿರತ್ತೆ. ಅದನ್ನ ಇಬ್ಬರು ಒಟ್ಟಿಗೆ ತಿದ್ದಿದ್ರೆ?"

"ಎಡವಟ್ಟು."

"ಅದಕ್ಕೇ ಅದಕ್ಕೊಂದು ಲಾಕ್. ಯಾರು ತಿದ್ದೋದಾದ್ರೂ ಮೊದಲು ಲಾಕ್ ಹಿಡೀಬೇಕು, ಕೆಲಸ ಆದ ಮೇಲೆ ಬಿಡಬೇಕು. ಒಂದು ಸಲಕ್ಕೆ ಒಬ್ಬರ ಕೈಲಿ ಮಾತ್ರ ಇರತ್ತೆ ಅದು."

"ಬಚ್ಚಲುಮನೆ ಚಿಲಕ."

"ಹ್ಞೂಂ, ಅದೇ. ಈಗ ಸಾವಿರಾರು ಫೈಲಲ್ಲಿ ಯಾರು ಎಲ್ಲಿ ಲಾಕ್ ಹಿಡಿಯೋಕೆ ಮರೆತಿದ್ದಾರೆ ಅಂತ ಯಾರು ನೋಡ್ತಾರೆ? ಅದಕ್ಕೇ ನಾನೊಂದು ಪ್ರೋಗ್ರಾಮ್ ಬರೀತಿರೋದು. ಅದು ಯಾವುದನ್ನೂ ಓಡಿಸಿ ನೋಡಲ್ಲ. ಬರೆದಿರೋದನ್ನ ಕೂತು ಓದತ್ತೆ. ಇಲ್ಲಿ ಲಾಕ್ ಹಿಡೀದೆ ಮುಟ್ಟಿದ್ದೀರಿ ಅಂತ ಕೈ ಎತ್ತತ್ತೆ."

"ಅನುಮಾನಪ್ಪ," ಎಂದಳು ಅಮ್ಮ, ತಟ್ಟೆಯಿಂದ ತಲೆ ಎತ್ತದೆ. ಹೆಸರು ಆವತ್ತೇ ಅಂಟಿಕೊಂಡಿತು.

ಅನುಮಾನಪ್ಪ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓದುತ್ತಾನೆ, ಒಪ್ಪಿಕೊಳ್ಳೋಣ. ಆದರೆ ಅವನಿಗೊಂದು ಹುಟ್ಟುದೋಷ. ಲಿಫ್ಟನ್ನು ಆಗಷ್ಟೇ ಕಟ್ಟುತ್ತಿರುವಾಗ, ಬಟನ್ನುಗಳಿಗೆ ಇನ್ನೂ ತಂತಿಯನ್ನೇ ಜೋಡಿಸದಿರುವಾಗ, "ಮಹಡಿ: ಸೊನ್ನೆ" ಎಂದು ಮೊದಲ ಸಲ ಬರೆಯುತ್ತೀರಲ್ಲ, ಆಗಲೂ ಕೈ ಎತ್ತುತ್ತಾನೆ. ಲಾಕ್ ಎಲ್ಲಿ, ಲಾಕ್ ಎಲ್ಲಿ ಎಂದು. ಅಮ್ಮನ ಫೈಲಿನಲ್ಲಿ ಅವನು ಹೀಗೆ ಕೈ ಎತ್ತಿದ ಜಾಗಗಳು ಒಂದೆರಡಲ್ಲ.

ಅದಕ್ಕೆ ಅಮ್ಮ ಲಿಸ್ಟಿನಲ್ಲಿ ಬರೆದದ್ದು ಆ ವಲಯದಲ್ಲೆಲ್ಲ ಓಡಾಡಿತು: "ನಾನು ಇದನ್ನು ಕಟ್ಟುವಾಗ ಇಲ್ಲಿ ಬೇರೆ ಯಾರೂ ಇರಲಿಲ್ಲ. ಯಾರಿಗೆ ಹೆದರಿ ಬೀಗ ಹಾಕಲಿ, ಹೇಳಿ."

(ಮಗಳಿಗೆ ಎರಡು ವರ್ಷವಿದ್ದಾಗಿನಿಂದ ಅಮ್ಮ ಒಬ್ಬಳೇ. ಅಪ್ಪನ ವಿಷಯ ಈ ಕಥೆಗೆ ಬೇಡ, ಅವನು ಮುಂದೆಲ್ಲೂ ಬರುವುದಿಲ್ಲ. ಅಮ್ಮನ ಆ ಈಮೇಲ್ ಓದುವಾಗ ಮಗಳು ತುಟಿ ಹಿಂಡಿಕೊಂಡಳು ಎಂದಷ್ಟೇ ಹೇಳಿ ಬ್ರ್ಯಾಕೆಟ್ ಮುಚ್ಚುತ್ತೇನೆ.)

೫

ಅಮ್ಮನ ಮಾತು ಸರಿ ಎಂದು ಮಗಳಿಗೂ ಗೊತ್ತಿತ್ತು. ಆದರೆ ಅನುಮಾನಪ್ಪನಿಗೆ ತಿಳಿಸುವುದು ಹೇಗೆ? ಕರ್ನಲ್ಲಿನ ಹೊಸ ಆವೃತ್ತಿಯ ಮುಂದಿನ ಬಿಡುಗಡೆಯೊಳಗೆ ಎಲ್ಲ ಫೈಲುಗಳ ತಕರಾರೂ ಬಗೆಹರಿಯಬೇಕೆಂದು ತೀರ್ಮಾನವಾಗಿತ್ತು. ಬಗೆಹರಿಯದ ಫೈಲನ್ನು ಬೇರೆಯವರ ಕೈಗೆ ಕೊಡುತ್ತಾರೆ. ಆ ಫೈಲು ಹೋದರೆ ಅಮ್ಮ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು? ಮಗಳು ಇದನ್ನು ಯೋಚಿಸದ ದಿನವಿರಲಿಲ್ಲ.

ಯಾರೂ ಇಲ್ಲದಿದ್ದರೂ ಲಾಕ್ ಹಿಡಿದು ಬಿಡಬಹುದು. ಖಾಲಿ ಮನೆಯ ಬಾಗಿಲು ತಟ್ಟಿ ಒಳಗೆ ಬಂದ ಹಾಗಾಗುತ್ತದೆ ಎಂದು ಅಮ್ಮ ಆಡಿಕೊಳ್ಳುತ್ತಾಳೆ. "ಈ ಕಡೆ ತಲೆ ಹಾಕಬೇಡ" ಎಂದು ಅನುಮಾನಪ್ಪನಿಗೆ ಚೀಟಿ ಅಂಟಿಸಲೂಬಹುದು, ಆದರೆ ಆಗ ನಿಜವಾದ ತಪ್ಪೂ ಅವನ ಕಣ್ಣಿಗೆ ಬೀಳದೆ ಹೋಗುತ್ತದೆ. ವಾರಗಟ್ಟಲೆ ತಲೆ ಕೆಡಿಸಿಕೊಂಡು ಮಗಳು ಬೇರೊಂದು ದಾರಿ ಹುಡುಕಿದಳು. ಒಂದು ಬ್ರ್ಯಾಕೆಟ್. ಕಟ್ಟಲು ಶುರು ಮಾಡಿದಲ್ಲಿ ತೆರೆಯಬೇಕು, ಕಟ್ಟಿ ಮುಗಿದಲ್ಲಿ ಮುಚ್ಚಬೇಕು. ಅನುಮಾನಪ್ಪನಿಗೆ ಅದು ಹೇಳುವುದು ಇಷ್ಟೇ: ಇದರೊಳಗಿರುವುದು ಇನ್ನೂ ಕಟ್ಟುತ್ತಿರುವ ವಸ್ತು, ಲಾಕ್ ಕೈಯಲ್ಲೇ ಇದೆ ಎಂದುಕೋ. ಹೊರಗೆ ಬಂದ ಮೇಲೆ ನಿನ್ನ ಅನುಮಾನ ನಿನಗೆ. ಅನುಮಾನಪ್ಪನಿಗೂ ಇದು ಒಪ್ಪಿಗೆಯಾಯಿತು. ಅಮ್ಮನ ಫೈಲಿನಲ್ಲಿ ಒಂದೊಂದೇ ಬ್ರ್ಯಾಕೆಟ್ ಹಾಕುತ್ತಾ ಹೋದಂತೆ ಎತ್ತಿದ ಕೈಗಳೆಲ್ಲ ಕೆಳಗಿಳಿದವು.

ಒಂದು ಕೈ ಇಳಿಯಲಿಲ್ಲ.

ಮಗಳು ಮೊದಲು ತನ್ನ ಪ್ರೋಗ್ರಾಮಿಗೇ ಬೈದಳು. ಎದ್ದು ಹೋಗಿ ಮುಖ ತೊಳೆದು ಬಂದಳು. ಬಟ್ಟೆ ಒಣಗಿದೆಯಾ ಎಂದು ನೋಡಿ ಬಂದಳು, ಒಣಗಿರಲಿಲ್ಲ. ಮತ್ತೆ ಕೂತು ಓದಿದಳು. ಲಿಫ್ಟ್ ಕಟ್ಟುವ ಸಾಲುಗಳು. ಆಮೇಲೆ ಬಟನ್ನುಗಳಿಗೆ ತಂತಿ ಜೋಡಿಸುವ ಸಾಲು. ಇಲ್ಲಿಗೆ ಕಟ್ಟುವುದು ಮುಗಿಯಿತು, ಲಿಫ್ಟ್ ಜನರ ಪಾಲಾಯಿತು. ಅದರ ಕೆಳಗೆ ಇನ್ನೊಂದು ಸಾಲು: "ಮಹಡಿ: ಸೊನ್ನೆ".

ತಂತಿ ಜೋಡಿಸಿದ ಮೇಲೆ ಮಹಡಿ ಬರೆಯುವುದು. ಆ ಎರಡು ಸಾಲುಗಳ ನಡುವಿನ ಕಣ್ಣೆವೆಯಿಕ್ಕುವಷ್ಟು ಹೊತ್ತಿನಲ್ಲಿ ಯಾರಾದರೂ ಬಟನ್ ಒತ್ತಿದರೆ, ತಾನು ಎಲ್ಲಿದ್ದೇನೆಂದು ಲಿಫ್ಟಿಗೇ ಗೊತ್ತಿರುವುದಿಲ್ಲ. ಅನುಮಾನಪ್ಪನೇ ಸರಿ.

ಯಾವ ಸಾಲನ್ನು ಯಾರು ಯಾವಾಗ ಬರೆದರೆಂದು ತೋರಿಸುವ ಒಂದು ಕಮಾಂಡ್ ಇದೆ. ಅದರ ಹೆಸರು ಬ್ಲೇಮ್. ಹೆಸರಿಟ್ಟವನು ತನ್ನ ತಾಯಿಯ ಸಾಲಿನ ಮೇಲೆ ಅದನ್ನು ಓಡಿಸಿ ನೋಡಿರಲಾರ. ಮಗಳು ಓಡಿಸಿದಳು. ಯಾವುದೋ ಹಳೆಯ ಕಾಲದ ತಪ್ಪಿರಲಿ ಎಂದು ಬೇಡಿಕೊಳ್ಳುತ್ತಿದ್ದಳು. ಹಳೆಯದಾಗಿರಲಿಲ್ಲ. ಇಷ್ಟು ವರ್ಷ ಆ ಸಾಲು ತಂತಿಯ ಮೇಲೇ ಇತ್ತು, ಇರಬೇಕಾದ ಜಾಗದಲ್ಲಿ. ಹೋದ ಬಿಡುಗಡೆಗೆ ಮೊದಲು ಅಮ್ಮ ಫೈಲನ್ನೆಲ್ಲ ಓರಣ ಮಾಡಿದ್ದಳು. ಆಗ ಎತ್ತಿ ಕೆಳಗಿಟ್ಟಿದ್ದಳು.

ಬೇರೆ ಯಾರು ಮಾಡಿದ್ದರೂ ಅದು ಬರೀ ತಪ್ಪು. ಇಂಥ ತಪ್ಪನ್ನು ಎಲ್ಲರಿಗಿಂತ ಮೊದಲು ಹಿಡಿಯುತ್ತಿದ್ದವಳು ಅಮ್ಮ.

೫ (ಮತ್ತೆ)

ಇಲ್ಲಿ ನಾನು ಅಮ್ಮನ ಮರೆವಿನ ಒಂದು ಪ್ರಸಂಗ ಹಾಕಿದ್ದೆ. ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುವುದು, ಹರಿಯುವ ನಲ್ಲಿ ಬಿಟ್ಟು ಹೋಗುವುದು ಇತ್ಯಾದಿ. ಮಗಳು ಬಂದು ತೆಗೆಸಿದಳು.

"ಎಲ್ಲರ ಅಮ್ಮಂದಿರೂ ಕನ್ನಡಕ ಹುಡುಕ್ತಾರೆ," ಎಂದಳು. "ಅದನ್ನ ಸಾಕ್ಷಿ ಅಂತ ಇಡಬೇಡಿ."

"ಮತ್ತೆ ಓದುಗರಿಗೆ ಹೇಗೆ ತಿಳಿಯಬೇಕು, ಅಮ್ಮನಿಗೆ ಏನಾದರೂ ಆಗುತ್ತಿದೆಯೋ ಇಲ್ಲವೋ ಎಂದು?"

"ನನಗೆ ತಿಳಿದಿದ್ಯಾ?"

ತೆಗೆದೆ.

೬

ತಿದ್ದುವುದು ಕಷ್ಟವಾಗಿರಲಿಲ್ಲ. ಒಂದು ಸಾಲನ್ನು ಎತ್ತಿ ಮೇಲಿಟ್ಟರೆ ಮುಗಿಯಿತು. ಆದರೆ ಆ ಲೋಕದಲ್ಲೊಂದು ರಿವಾಜಿದೆ. ತಪ್ಪು ತಿದ್ದುವವರು ಈಮೇಲಿನ ಕೊನೆಗೆ ಒಂದು ಸಾಲು ಬರೆಯಬೇಕು, ಈ ತಪ್ಪು ಯಾವ ಬದಲಾವಣೆಯಿಂದ ಬಂತು ಎಂದು. ಬರೆದರೆ ಅಮ್ಮನನ್ನು ಎಲ್ಲರೆದುರು ನಿಲ್ಲಿಸಿ ಬೆರಳು ತೋರಿಸಿದಂತೆ. ಬರೆಯದೆ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳೋಣವೆಂದರೆ ಕಟ್ಟಳೆ. ಲಿಸ್ಟ್ ಮಾತು ಲಿಸ್ಟಿನಲ್ಲಿ.

ಮಗಳು ಮೂರನೆಯದೊಂದು ಮಾಡಿದಳು. ನಾನಾಗಿ ಮಾಡಿಸಲಿಲ್ಲ, ಬೆರಳು ಅವಳದೇ. ಮುಚ್ಚುವ ಬ್ರ್ಯಾಕೆಟ್ಟನ್ನು ಎಳೆದು ಕೆಳಗಿಟ್ಟಳು, ತಂತಿಯ ಸಾಲನ್ನೂ ದಾಟಿಸಿ, ಮಹಡಿಯ ಸಾಲನ್ನೂ ಒಳಗೆ ಸೇರಿಸಿಕೊಂಡು. ಇನ್ನೂ ಕಟ್ಟುತ್ತಿದ್ದೇವೆ, ಇನ್ನೂ ಯಾರೂ ನೋಡಿಲ್ಲ ಎಂದು ಅನುಮಾನಪ್ಪನ ಕಿವಿಯಲ್ಲಿ ಸುಳ್ಳು ಹೇಳಿದಳು. ಅವನು ನಂಬಿದ. ಕೈ ಇಳಿಸಿದ. ಪಾಪ, ಓದುವುದು ಬಿಟ್ಟರೆ ಅವನಿಗೇನು ಗೊತ್ತು?

(ಅವಳು ಯಾಕೆ ಹಾಗೆ ಮಾಡಿದಳೆಂದು ಬ್ರ್ಯಾಕೆಟ್ಟಿನೊಳಗೇ ಹೇಳಿಬಿಡುತ್ತೇನೆ, ಹೊರಗೆ ಹೇಳಲು ನನಗೂ ಧೈರ್ಯವಿಲ್ಲ. ಅಮ್ಮ ಹಿಡಿದುಬಿಡುತ್ತಾಳೆ ಎಂದು ಅವಳಿಗೆ ಖಾತ್ರಿಯಿತ್ತು. ಕೊನೆಯ ಬ್ರ್ಯಾಕೆಟ್ ಎಲ್ಲಿದೆ ಎಂಬುದನ್ನೇ ಅಮ್ಮ ಮೊದಲು ನೋಡುವುದು. ನೋಡಿ, "ಮತ್ತೆ" ಎಂದು ಬರೆಯುತ್ತಾಳೆ. ಇಷ್ಟು ದಿನ ಏನು ಕಲಿತಿರಿ ಎಂದು ಎಲ್ಲರೆದುರು ಕಿವಿ ಹಿಂಡುತ್ತಾಳೆ. ಹಿಂಡುವಾಗ ತನ್ನ ಸಾಲೂ ಕಣ್ಣಿಗೆ ಬಿದ್ದು ತಾನೇ ತಿದ್ದಿಕೊಳ್ಳುತ್ತಾಳೆ. ಬೈಸಿಕೊಂಡವಳು ಮಗಳು, ತಿದ್ದಿಕೊಂಡವಳು ಅಮ್ಮ, ಯಾರ ಮರ್ಯಾದೆಯೂ ಹೋಗಲಿಲ್ಲ. ಅವಳು ಅಮ್ಮನನ್ನು ಕಾಪಾಡುತ್ತಿದ್ದಳೋ, ಪರೀಕ್ಷೆಗೆ ಕೂರಿಸುತ್ತಿದ್ದಳೋ? ಎರಡೂ ಇರಬಹುದು. ಕೇಳಿದರೆ ಎರಡೂ ಅಲ್ಲ ಎನ್ನುತ್ತಾಳೆ.)

ಕಳಿಸಿದಳು. ಕಳಿಸಿದ ಮೇಲೆ ಅಮ್ಮನ ಕೋಣೆಯಲ್ಲಿ ಕುರ್ಚಿ ಕಿರುಗುಟ್ಟಿತಾ ಎಂದು ಕಿವಿ ಅಲ್ಲೇ ನೆಟ್ಟು ಕೂತಳು. ಬೈಗುಳಕ್ಕಾಗಿ ಅಷ್ಟು ಆಸೆಯಿಂದ ಕಾದವರನ್ನು ನಾನು ಕಂಡಿಲ್ಲ.

೭

ಮರುದಿನ ಬೆಳಿಗ್ಗೆ ಅಮ್ಮನ ಉತ್ತರ ಬಂತು.

"ಒಪ್ಪಿದ್ದೇನೆ. ನೀವು ಇಲ್ಲಿ ತುಂಬ ಎಚ್ಚರದಿಂದ ಕೆಲಸ ಮಾಡಿದ್ದೀರಿ."

ಮೊದಲ ಸಲಕ್ಕೇ ಒಪ್ಪಿಗೆ. ಬೆನ್ನು ಬೇರೆ ತಟ್ಟಿದ್ದಾಳೆ. ಆ ಫೈಲಿನಲ್ಲಿ ಕೆಲಸ ಮಾಡುವ ಬೇರೆಯವರು ಒಬ್ಬರಾದ ಮೇಲೊಬ್ಬರು ಅಭಿನಂದನೆ ಬರೆಯತೊಡಗಿದರು. ಒಬ್ಬ ಕೇಕಿನ ಚಿತ್ರ ಹಾಕಿದ. ಮಗಳು ಆ ಕೇಕನ್ನು ನೋಡುತ್ತಾ ಕೂತಳು. ಅಳು ಬರುತ್ತಿತ್ತು, ಅತ್ತುಬಿಟ್ಟಳು.

ಅಳಿಯ ಹೊರಡುವ ಗಡಿಬಿಡಿಯಲ್ಲಿದ್ದವನು ಬಾಗಿಲಲ್ಲಿ ನಿಂತ. "ಏನಾಯ್ತು? ಮತ್ತೆ ಬೈದ್ರಾ ಅತ್ತೆ?"

"ಹೊಗಳಿದ್ದಾಳೆ."

ಅವನು ಚೀಲ ಕೆಳಗಿಟ್ಟ. ಎಷ್ಟೆಂದರೂ ನೋವಿನ ಜೊತೆ ಕೆಲಸ ಮಾಡುವವನು. ಪಕ್ಕದಲ್ಲಿ ಕೂತ. ಅವಳು ಬ್ರ್ಯಾಕೆಟ್ ಎಳೆದದ್ದನ್ನೆಲ್ಲ ಹೇಳಿದಳು. ಪೂರ್ತಿ ಕೇಳಿ ಅವನು ಪರದೆಯ ಮೇಲಿನ ಈಮೇಲನ್ನು, ಅಂದರೆ ಇಂಗ್ಲಿಷಿನಲ್ಲಿರುವ ಅಸಲನ್ನು, ಬಗ್ಗಿ ಓದಿದ.

"ಇಲ್ಲಿ ಯೂ ಅಂತ ಇದೆಯಲ್ಲ," ಎಂದ. "ಅದು ನೀನೋ ನೀವೋ?"

ಮಗಳಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು.

"ನೀವು ಅಂತಾದ್ರೆ, ಅವರು ಗಮನಿಸಿಲ್ಲ. ಎಲ್ಲರಿಗೂ ಬರೆಯೋ ಹಾಗೆ ಬರೆದಿದ್ದಾರೆ. ನೀನು ಅಂತಾದ್ರೆ..." ಅವನು ಪರದೆಯ ಮೇಲೆ ಬೆರಳಿಟ್ಟ. "ನೀನು ತುಂಬ ಎಚ್ಚರದಿಂದ ಕೆಲಸ ಮಾಡಿದ್ದೀಯ, ಅಂತ ಓದಿ ನೋಡು."

ಅವಳು ಓದಿ ನೋಡಿದಳು. ಮೇಲಿನ ಈಮೇಲನ್ನು "ನೀವು" ಎಂದು ಕನ್ನಡ ಮಾಡಿದವನು ನಾನು, ಅದು ನಾನೇ ಎಳೆದ ಗೆರೆ. ಈಗ ನೀವೂ ಒಮ್ಮೆ ಅಳಿಯ ಹೇಳಿದ ಹಾಗೆ ಓದಿ ನೋಡಿ. ಆಗ ಅಮ್ಮ ಬ್ರ್ಯಾಕೆಟ್ ಕಂಡಿದ್ದಾಳೆ, ತನ್ನ ಸಾಲೂ ಕಂಡಿದೆ, ಮಗಳು ಏನು ಮುಚ್ಚಿದಳು, ಯಾಕೆ ಮುಚ್ಚಿದಳು ಎಲ್ಲ ತಿಳಿದಿದೆ. ತಿಳಿದೂ ಒಪ್ಪಿದ್ದಾಳೆ. ಹಾಗಾದರೆ ಅದು ಹೊಗಳಿಕೆಯೋ, ಮೊದಲ ಸಲ ಮಗಳ ಆಸರೆ ಹಿಡಿದದ್ದೋ? ಅಮ್ಮ ಯಾರ ಕೈಯನ್ನೂ ಹಿಡಿದವಳಲ್ಲ. ಇದು ಮಗಳಿಗೆ ಮರೆವಿಗಿಂತ ಭಯಂಕರವಾಗಿ ಕಂಡಿತು.

೮, ಕೊನೆಗಳು

(ಅ) ಮಗಳು ಎರಡನೆಯ ಈಮೇಲ್ ಕಳಿಸುತ್ತಾಳೆ. "ತಪ್ಪು ನನ್ನದು, ಬ್ರ್ಯಾಕೆಟ್ ಜಾಗ ತಪ್ಪಿತ್ತು, ಜೊತೆಗೆ ಒಂದು ಸಾಲು ಮೇಲಕ್ಕೆತ್ತಿದ್ದೇನೆ." ಯಾವ ಬದಲಾವಣೆಯಿಂದ ಬಂತು ಎಂಬ ಸಾಲನ್ನು ಬಿಟ್ಟುಬಿಡುತ್ತಾಳೆ. ಅಮ್ಮ ಒಪ್ಪುತ್ತಾಳೆ. ಎಲ್ಲರೂ ಊಟಕ್ಕೆ ಕೂರುತ್ತಾರೆ.

ಚೆನ್ನಾಗಿದೆ, ಆದರೆ ಇದರಲ್ಲಿ ಮುಂದಿನ ತಪ್ಪಿಗೆ ಏನು ಮಾಡುತ್ತಾಳೆ? ಅದರ ಮುಂದಿನದಕ್ಕೆ? ಜೀವಮಾನವೆಲ್ಲ ಬ್ರ್ಯಾಕೆಟ್ ಎಳೆಯುತ್ತಾ ಹೋಗಬೇಕೇ? ಹೊಡೆದುಹಾಕಿದೆ.

(ಆ) ಅಮ್ಮ ಬಂದಳು, ಕೇಳದೆಯೇ ನನ್ನ ಎದುರಿನ ಕುರ್ಚಿಯಲ್ಲಿ ಕಾಲು ಮಡಚಿ ಕೂತಳು.

"ನನಗೆ ಗೊತ್ತಿತ್ತು ಅಂತ ಬರಿ."

"ನಿಜವಾಗಿಯೂ ಗೊತ್ತಿತ್ತಾ?"

"ಬರಿ ಅಂದೆ. ಆ ಸಾಲನ್ನ ಬೇಕು ಅಂತಲೇ ಕೆಳಗಿಟ್ಟೆ, ಅವಳ ಪ್ರೋಗ್ರಾಮ್ ಹಿಡಿಯತ್ತಾ ನೋಡೋಣ ಅಂತ. ಹಾಗೆ ಬರಿ. ಕಥೆಗೂ ಒಂದು ತಿರುವು ಸಿಗತ್ತೆ ನಿನಗೆ."

"ಅದು ಅಗ್ಗದ ತಿರುವು. ನೀವೇ ಆಗಿದ್ದರೆ ಮತ್ತೆ ಅನ್ನುತ್ತಿದ್ದಿರಿ."

ಅಮ್ಮ ಕೆಳತುಟಿ ಹಿಂಡಿಕೊಂಡಳು. "ಬೇರೆ ಏನು ಬರೀತೀಯ ಹಾಗಾದ್ರೆ?" ಎಂದಳು. ಆ ದನಿಯಲ್ಲಿ ಯಜಮಾನಿಕೆ ಇರಲಿಲ್ಲ. ಗೊತ್ತಿದ್ದವಳು ಹೀಗೆ ಕೇಳುತ್ತಾಳೋ, ಗೊತ್ತಿಲ್ಲದವಳೋ? ನಾನೇ ಸೃಷ್ಟಿಸಿದವಳು. ನನಗೆ ಗೊತ್ತಿರಬೇಕಿತ್ತು. ವಯಸ್ಸನ್ನು ಆಮೇಲೆ ತುಂಬಿಸಿದಂತೆ ಇದನ್ನೂ ಆಮೇಲೆ ತುಂಬಿಸೋಣವೆಂದುಕೊಂಡಿದ್ದೆ. ಈಗ ನೀವೆಲ್ಲ ಅವಳನ್ನು ಇಷ್ಟು ಹತ್ತಿರದಿಂದ ನೋಡಿಬಿಟ್ಟಿದ್ದೀರಿ, ನನ್ನ ಪೆನ್ನು ಓಡುತ್ತಿಲ್ಲ.

೯

ಹಾಗಾಗಿ ಆದದ್ದನ್ನಷ್ಟೇ ಹೇಳುತ್ತೇನೆ. ಮಧ್ಯಾಹ್ನ ಅಮ್ಮ ಅಡುಗೆಮನೆಯಲ್ಲಿ ತೊಳೆದ ಲೋಟಗಳನ್ನು ಒರೆಸುತ್ತಿದ್ದಳು. ಮಗಳು ಬಂದು ಫ್ರಿಜ್ಜಿಗೆ ಒರಗಿ ನಿಂತಳು. ಫ್ರಿಜ್ಜಿನ ಬಾಗಿಲು ತೆರೆದಳು, ಏನನ್ನೂ ತೆಗೆಯದೆ ಮುಚ್ಚಿದಳು.

"ಅಮ್ಮಾ, ಆ ತಿದ್ದುಪಡೀಲಿ ಕೊನೇ ಬ್ರ್ಯಾಕೆಟ್ ಇದೆಯಲ್ಲ."

"ಲಿಸ್ಟ್ ಮಾತು ಇಲ್ಲಿ ಬೇಡ."

"ಇದು ಮನೆ ಮಾತೇ."

ಅಮ್ಮ ತಿರುಗಲಿಲ್ಲ. ಬೇಡ ಎಂದು ಮತ್ತೆ ಹೇಳಲೂ ಇಲ್ಲ.

"ಅದನ್ನ ನಾನು ಬೇಕು ಅಂತ ಎಳೆದೆ. ತಂತಿ ಜೋಡಿಸಿದ ಮೇಲೆ ಮಹಡಿ ಬ‌ರೆಯೋ ಸಾಲಿದೆ. ಅದು ಹೊರಗೆ ಉಳೀಬೇಕಿತ್ತು. ಒಳಗೆ ಸೇರಿಸಿ ಮುಚ್ಚಿಬಿಟ್ಟೆ."

"ತಂತಿ ಆದ ಮೇಲೆ ಮಹಡಿನಾ? ಆ ಸಾಲನ್ನ ಅಲ್ಲಿಟ್ಟವರು ಯಾರು?"

ಮಗಳು ಫ್ರಿಜ್ಜಿನ ಹಿಡಿಯನ್ನು ಹಿಡಿದುಕೊಂಡಳು.

"ನೀನೇ ಅಮ್ಮ. ಹೋದ ಸಲ ಓರಣ ಮಾಡಿದಾಗ."

ಅಮ್ಮ ಒರೆಸಿಟ್ಟ ಲೋಟವನ್ನೇ ಮತ್ತೆ ಎತ್ತಿಕೊಂಡು ಒರೆಸಿದಳು. "ನಾನಾ," ಎಂದಳು. ಅದರ ಮುಂದೆ ಪ್ರಶ್ನೆಯ ಚಿಹ್ನೆ ಹಾಕಬೇಕೋ ಬೇಡವೋ ಎಂದು ನನಗೆ ಕೇಳಿಸಲಿಲ್ಲ. ಮಗಳಿಗೂ ಕೇಳಿಸಲಿಲ್ಲ. ಲೋಟವನ್ನು ಬೋರಲು ಹಾಕಿ ಅಮ್ಮ ಈ ಕಡೆ ತಿರುಗಿದಳು.

"ಸರಿ. ಒಪ್ಪಿದ್ದನ್ನ ವಾಪಸ್ ತಗೊಂಡಿದ್ದೀನಿ. ಮತ್ತೆ ಬರೀರಿ."

ಬರೀರಿ. ಅಡುಗೆಮನೆಯಲ್ಲಿ, ಹೆಗಲ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು, ಸ್ವಂತ ಮಗಳಿಗೆ.

"ಯಾವ ಬದಲಾವಣೆಯಿಂದ ತಪ್ಪು ಬಂತು ಅನ್ನೋ ಸಾಲೂ ಇರಬೇಕು. ಬಿಡೋ ಹಾಗಿಲ್ಲ."

"ಎಲ್ಲರೂ ನೋಡ್ತಾರೆ ಅಮ್ಮ."

"ನೋಡಲಿ ಅಂತಲೇ ಅಲ್ವಾ ಅದಿರೋದು. ಇಷ್ಟು ವರ್ಷ ಎಲ್ಲರ ಹತ್ರ ಆ ಸಾಲು ಬರೆಸಿದೆ. ಈಗ ನನ್ನ ಸರದಿ ಬಂದಾಗ ಬೇಡ ಅನ್ಲಾ?" ಒದ್ದೆ ಬಟ್ಟೆಯನ್ನು ಹೆಗಲಿಂದ ತೆಗೆದು, "ಮುಚ್ಚಬೇಡ ಕಣೆ. ಮುಚ್ಚಿದ್ರೆ ನನಗೆ ಹೆದರಿಕೆ ಆಗತ್ತೆ," ಎಂದು ಕೋಣೆಗೆ ಹೋಗಿಬಿಟ್ಟಳು.

ಇನ್ನೊಂದು ೯, ಇದೇ ಕೊನೆಯದೆಂದು ನಾನು ಹೇಳಿಲ್ಲ

ಮಗಳು ಕೂತು ಬರೆದಳು. ಬ್ರ್ಯಾಕೆಟ್ಟನ್ನು ಅದರ ಜಾಗಕ್ಕೆ ತಂದಳು. ಮಹಡಿಯ ಸಾಲನ್ನು ತಂತಿಯ ಮೇಲಿಟ್ಟಳು. ಅನುಮಾನಪ್ಪ ಓದಿ ಸುಮ್ಮನಾದ, ಈ ಸಲ ನ್ಯಾಯವಾಗಿ. ಈಮೇಲಿನ ಕೊನೆಯ ಸಾಲಿಗೆ ಬಂದಳು. ಅಮ್ಮನ ಬದಲಾವಣೆಯ ಹೆಸರನ್ನು ಬರೆದಳು. ಬರೆದು ಕೈ ಕಟ್ಟಿ ಕೂತಳು. ಕಳಿಸುವ ಗುಂಡಿ ಬೆರಳಿನ ಕೆಳಗೇ ಇತ್ತು.

ತನ್ನ ಕೋಣೆಯಿಂದ ಅಮ್ಮ ಕೂಗಿದಳು: "ಎಲ್ಲಿ, ಇನ್ನೂ ಬಂದಿಲ್ವಲ್ಲೇ?"

"ಬರೀತಿದ್ದೀನಿ ಅಮ್ಮ."

ಮಗಳು ಓದಿದಳು. ಮತ್ತೆ ಓದಿದಳು. ಒಂದು ಪದ ಬದಲಿಸಿದಳು, ಮೊದಲಿನದೇ ಸರಿ ಎನಿಸಿ ಅದನ್ನೇ ಹಾಕಿದಳು.

"ಎಲ್ಲಿ, ಇನ್ನೂ ಬಂದಿಲ್ವಲ್ಲೇ?"

ಅದೇ ಮಾತು, ಅದೇ ರಾಗ. ಅಮ್ಮ ಹುಟ್ಟಾ ಅವಸರದವಳು, ಹಾಲು ಕಾಯುವಷ್ಟು ಹೊತ್ತೂ ಒಲೆಯ ಮುಂದೆ ನಿಂತವಳಲ್ಲ. ಅವಸರಕ್ಕೇ ಕೂಗಿರಬಹುದು. ಈಗಷ್ಟೇ ಕೇಳಿದ್ದು ನೆನಪಿಲ್ಲದೆಯೂ ಕೂಗಿರಬಹುದು. ನನ್ನ ಮುಖ ನೋಡಬೇಡಿ, ನನಗೂ ಗೊತ್ತಿಲ್ಲ. ಗೊತ್ತಾದರೂ ನಿಮ್ಮೆದುರಿಗೆ ಅದನ್ನು ತೀರ್ಮಾನಿಸುವ ಎದೆ ನನಗಿಲ್ಲ.

"ಬರೀತಿದ್ದೀನಿ ಅಮ್ಮ," ಎಂದಳು ಮಗಳು, ಮೊದಲ ಸಲ ಹೇಳುತ್ತಿರುವಂತೆ.